ಕೆಟ್ಟ ಮೇಲೆ ಎಲ್ವಾರ್ ಯಾರು?

ಕಳೆದ ತಿಂಗಳು ಒಂದು ಭಾನುವಾರ ಹೊನ್ನಾವರದ ನಮ್ಮ ಮನೆಯಲ್ಲಿ ಒಬ್ಬ ಸೈನಿಕನ ವಿಷಯಕ್ಕೆ ದೊಡ್ಡ ಜಗಳವಾಯಿತು. ತಮಾಷೆಯೆಂದರೆ ಆ ಸೈನಿಕ ಹುಟ್ಟಿಯೇ ಇಲ್ಲ.

(ಇಲ್ಲದ್ದಕ್ಕೆ ಜಗಳವಾಡುವುದು ನಮಗೇನೂ ಹೊಸದಲ್ಲ ಬಿಡಿ. ನಮ್ಮ ಓಣಿಯಲ್ಲಿ ಇನ್ನೂ ಮಂಜೂರಾಗದ ರಸ್ತೆಯ ಸಲುವಾಗಿ ಎರಡು ಮನೆಯವರು ಮಾತು ಬಿಟ್ಟಿದ್ದಾರೆ.)

ನಾನು ಅಡುಗೆಮನೆಯಲ್ಲಿ ಬಂಗಡೆ ಮೀನು ಕೊಯ್ಯುತ್ತಿದ್ದೆ. ಹೊರಗಿನ ಕೋಣೆಯಿಂದ ಕಿರುಚಾಟ ಕೇಳಿಸಿತು. "ಅವನು ಅವತ್ತೇ ಸತ್ತ! ಆಮೇಲೆ ಇದ್ದದ್ದು ಅವನಲ್ಲ!" "ಸತ್ತಿಲ್ಲ! ಅಷ್ಟೂ ಮನೆ ಸುಟ್ಟಿದ್ದು ಅವನೇ!" ನಾನು ಚೂರಿ ಹಿಡಿದುಕೊಂಡೇ ಓಡಿದೆ. ಮನೆ ಸುಟ್ಟದ್ದು, ಸತ್ತದ್ದು ಎಂದೆಲ್ಲ ಕೇಳಿದರೆ ಯಾರು ತಾನೇ ಸುಮ್ಮನಿರುತ್ತಾರೆ?

ಕೋಣೆಯಲ್ಲಿದ್ದವರು ಇಬ್ಬರು ಹುಡುಗಿಯರು. ಒಬ್ಬಳು ದೀಪಾ, ನನ್ನ ಅಣ್ಣನ ಮಗಳು. ಅಣ್ಣನ ಮನೆ ಕುಮಟಾ ಹತ್ತಿರದ ಹೊಳನಗದ್ದೆಯಲ್ಲಿ. ಇವಳು ಡಿಗ್ರಿ ಓದಲು ನಮ್ಮಲ್ಲಿ ಇದ್ದಾಳೆ. ಇನ್ನೊಬ್ಬಳು ಅವಳ ಕ್ಲಾಸ್‌ಮೇಟ್ ಸಫಾ, ಭಟ್ಕಳದವಳು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ, ಭಾನುವಾರವೂ ಏನಾದರೂ ನೆಪ ಮಾಡಿ ಬರುತ್ತಾಳೆ. ಇಬ್ಬರ ನಡುವೆ ಒಂದು ಲ್ಯಾಪ್‌ಟಾಪ್. ಅದರಲ್ಲಿ ಕೆಂಪು ಕಣ್ಣಿನ, ಕರಿ ಕವಚದ ಒಬ್ಬ ಮನುಷ್ಯ. ಸತ್ತದ್ದೂ ಸುಟ್ಟದ್ದೂ ವಿಡಿಯೋ ಗೇಮಿನೊಳಗೆ ಎಂದು ಗೊತ್ತಾದ ಮೇಲೆ ನಾನು ಚೂರಿ ಕೆಳಗಿಟ್ಟೆ. ಆದರೆ ಅಡುಗೆಮನೆಗೆ ವಾಪಸು ಹೋಗಲಿಲ್ಲ. ನನ್ನ ಕುತೂಹಲ ನಿಮಗೆ ಗೊತ್ತಲ್ಲ.

ಕಥೆ ಇಷ್ಟು. ಎಲ್ವಾರ್ ಎಂಬ ವೀರ ಒಂದು ಊರನ್ನು ಕಾಯುತ್ತಾನೆ. ಒಳ್ಳೆಯವನು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳುವಂಥವನು. ಶತ್ರುಗಳು ಮುತ್ತಿಗೆ ಹಾಕಿದಾಗ ಗುಹೆಯಲ್ಲಿ ಬಿದ್ದಿದ್ದ ಒಂದು ಕರಿ ಕವಚ ತೊಡುತ್ತಾನೆ. ಅದರಲ್ಲಿ ಏನೋ ದುಷ್ಟಶಕ್ತಿ ಇದೆ. ಮೊದಮೊದಲು ಯುದ್ಧ ಮುಗಿದ ಕೂಡಲೇ ಕಳಚುತ್ತಿದ್ದ. ಆಮೇಲೆ ಊಟಕ್ಕೆ ಮಾತ್ರ ಕಳಚಿದ. ಆಮೇಲೆ ಕಳಚಲು ಹೋದರೂ ಅದು ಬಿಡಲಿಲ್ಲ. ಕಣ್ಣು ಕೆಂಪಾಯಿತು, ದನಿ ಒಡೆಯಿತು, ಹೆಸರೂ ಬದಲಾಗಿ ಗ್ರೌಮ್ ಎಂದಾಯಿತು. (ನಮ್ಮ ಹಳೆಯ ಮಿಕ್ಸರ್ ಮಾಡುವ ಶಬ್ದ ಸರಿಯಾಗಿ ಇದೇ.) ತಾನು ಕಾಯುತ್ತಿದ್ದ ಊರನ್ನು ತಾನೇ ಸುಟ್ಟ. ಕೊನೆಯಲ್ಲಿ ಆಡುವವರು ಅವನನ್ನು ಸೋಲಿಸಿದರೆ ಕವಚ ಒಡೆದು ಬೀಳುತ್ತದೆ, ಒಳಗಿನಿಂದ ಹಳೆಯ ಎಲ್ವಾರ್ ಹೊರಬರುತ್ತಾನೆ, "ನನಗೇನೂ ನೆನಪಿಲ್ಲ" ಎನ್ನುತ್ತಾನೆ.

ಹಾಗಾದರೆ ಜಗಳ ಯಾವುದಕ್ಕೆ? ಈ ಆಟದ ಅಭಿಮಾನಿಗಳೆಲ್ಲ ಸೇರಿ ಒಂದು ವಿಕಿ ಬರೆಯುತ್ತಾರೆ. ಯಾರು ಎಲ್ಲಿ ಹುಟ್ಟಿದ, ಯಾರಿಗೆ ಯಾರು ಏನಾಗಬೇಕು, ಎಲ್ಲ ಅದರಲ್ಲಿ ಇರುತ್ತದೆ. ಎಲ್ವಾರ್‌ಗೆ ಒಂದು ಪುಟ, ಗ್ರೌಮ್‌ಗೆ ಬೇರೆ ಪುಟ. ಗ್ರೌಮ್‌ನ ಪುಟ ನಮ್ಮ ದೀಪಾ ಬರೆದದ್ದು, ಎರಡು ವರ್ಷ ಕೂತು. ಸಫಾ ಅಲ್ಲಿ ಹೋಗಿ "ಇಬ್ಬರೂ ಒಬ್ಬನೇ, ಎರಡು ಪುಟವನ್ನು ಸೇರಿಸಿ" ಎಂದು ಬರೆದು ಬಂದಿದ್ದಾಳೆ. ಗೆಳತಿಗೆ ಹೇಳದೆ!

"ಅತ್ತೆ, ನೀನೇ ಹೇಳು," ಎಂದಳು ದೀಪಾ. "ಕಣ್ಣು ಬೇರೆ, ದನಿ ಬೇರೆ, ಹೆಸ್ರು ಬೇರೆ. ಫೈಟ್ ಮಾಡುವಾಗ ಮೇಲಿನ ಕೆಂಪು ಪಟ್ಟಿಯಲ್ಲೂ ಗ್ರೌಮ್ ಅಂತಲೇ ಬರ್ತದೆ. ಅವನು ಮಾಡಿದ್ದು ಇವನಿಗೆ ನೆನಪೂ ಇಲ್ಲ. ಮತ್ತೆ ಒಬ್ಬನೇ ಹೇಗಾಗ್ತಾನೆ?"

ಸರಿಯಲ್ಲವೇ ಅನ್ನಿಸಿತು.

"ಆಂಟಿ, ಆ ಕವಚ ತಾನಾಗಿ ಹಾರಿ ಬಂದು ಮೈಮೇಲೆ ಕೂತ್ಕೊಂಡಿತಾ?" ಎಂದಳು ಸಫಾ. "ದಿನಾ ಅವನೇ ಕೈಯಾರೆ ಎತ್ತಿ ಹಾಕ್ಕೊಳ್ತಿದ್ದ. ಮತ್ತೆ ನೆನಪಿಲ್ಲ ಅಂತ ಹೇಳಿದ್ದು ಯಾರು? ಅವನೇ! ಅದನ್ನ ನಂಬ್ಬೇಕಾ?"

ಇದೂ ಸರಿಯಲ್ಲವೇ? (ನನ್ನನ್ನು ನ್ಯಾಯಾಧೀಶೆ ಮಾಡದಿದ್ದದ್ದು ಈ ದೇಶದ ಪುಣ್ಯ.)

ಸಫಾ ಕೊನೆಗೊಂದು ಬಾಣ ಬಿಟ್ಟಳು. "ಊರೆಲ್ಲ ಸುಟ್ಟ ಅಲ್ವಾ? ಹೊಳೆ ಪಕ್ಕದ ಒಂದು ಮನೆ ಮಾತ್ರ ಬಿಟ್ಟ. ಯಾಕೆ? ಅದು ಎಲ್ವಾರ್‌ನ ಅಕ್ಕನ ಮನೆ. ಗ್ರೌಮ್‌ಗೆ ಎಲ್ಲಿಯ ಅಕ್ಕ?"

"ಅದು ಬಗ್!" ಎಂದು ದೀಪಾ ಕೂಗಿದಳು. "ಆಟ ಮಾಡಿದವ್ರು ಆ ಮನೆಗೆ ಬೆಂಕಿ ಹಾಕ್ಲಿಕ್ಕೆ ಮರ್ತಿದ್ದಾರೆ, ಅಷ್ಟೇ!"

ಕೂಗುವಾಗ ಅವಳ ಕಣ್ಣಲ್ಲಿ ನೀರು ಬಂತು. ಸಫಾ ಗಾಬರಿಯಾಗಿ ಬ್ಯಾಗ್ ಎತ್ತಿಕೊಂಡು, ಚಹಾ ಕೂಡ ಕುಡಿಯದೆ ಹೊರಟುಹೋದಳು. ಗೇಮಿನ ಹುಚ್ಚು ಎಂದರೆ ಹೀಗೂ ಇರುತ್ತದೆಯೇ ಎಂದುಕೊಂಡು ನಾನು ಬಂಗಡೆಯ ಹತ್ತಿರ ಹೋದೆ. ಅಷ್ಟರಲ್ಲಿ ಬೆಕ್ಕು ಎರಡನ್ನು ಮುಗಿಸಿತ್ತು.

ಆದರೆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಆ ವಾರವಿಡೀ ಕಂಡಕಂಡಲ್ಲಿ ಅದೇ. ಹಾಲು ಒಡೆದರೆ ಅದು ಕೆಟ್ಟ ಹಾಲೋ, ಬೇರೆಯೇ ಪದಾರ್ಥವೋ? ಹೆಪ್ಪು ಹಾಕಿದರೆ ಮೊಸರು ಎಂದು ಬೇರೆ ಹೆಸರು ಕೊಟ್ಟು ಮರ್ಯಾದೆ ಮಾಡುತ್ತೇವೆ, ತಾನಾಗಿ ಒಡೆದರೆ ಮಾತ್ರ "ಹಾಲು ಹಾಳಾಯಿತು" ಎಂದು ಹಳೆಯ ಹೆಸರಿನಲ್ಲೇ ಬೈಯುತ್ತೇವೆ. ಇದ್ಯಾವ ನ್ಯಾಯ?

ಹಾಗೆ ನೋಡಿದರೆ ಒಂದೇ ಮೈಯಲ್ಲಿ ಇಬ್ಬರು ಇರುವುದು ನಮ್ಮ ಕಡೆಯವರಿಗೆ ದೊಡ್ಡ ಸಂಗತಿಯೇ ಅಲ್ಲ. ಕಾಯ್ಕಿಣಿಯ ನಮ್ಮ ಸಂಬಂಧಿಕರ ಪೈಕಿ ಒಬ್ಬರ ಮೈಮೇಲೆ ದೇವರು ಬರುತ್ತದೆ. ದೇವರು ಬಂದಾಗ ಹೆತ್ತ ತಾಯಿಯೂ ಅವರಿಗೆ ಕೈಮುಗಿಯಬೇಕು. ಇಳಿದ ಮೇಲೆ ಅದೇ ತಾಯಿ "ಹೋಗಿ ದನ ಕಟ್ಟು" ಎನ್ನುತ್ತಾಳೆ. ಆಗ ಆಡಿದ ಮಾತಿಗೆ ಈಗ ಅವರನ್ನು ಕೇಳುವ ಹಾಗಿಲ್ಲ. ಒಮ್ಮೆ ದೇವರು ಬಂದಾಗ ಎಲ್ಲರೆದುರು ತಮ್ಮ ಸ್ವಂತ ಅಣ್ಣನನ್ನೇ ಗದರಿಸಿದರು, ಬೇಲಿ ಒತ್ತಿದ್ದಕ್ಕೆ. ಆ ಅಣ್ಣ ಅಡ್ಡಬಿದ್ದು ತಪ್ಪುಕಾಣಿಕೆ ಹಾಕಿದ. ಮರುದಿನ ನಮ್ಮ ಮನೆಗೆ ಬಂದವನು ನನ್ನ ಕಿವಿಯಲ್ಲಿ ಕೇಳಿದ: "ದೇವ್ರು ಹೇಳಿದ್ದು ಸರಿ. ಆದ್ರೆ ನಮ್ಮ ಬೇಲಿ ವಿಷಯ ದೇವ್ರಿಗೆ ಹೇಳಿದ್ದು ಯಾರು?"

ಇಂಥ ಕಥೆಗಳನ್ನೆಲ್ಲ ಜೋಡಿಸಿಕೊಂಡು ಒಂದು ಲಘುವಾದ ಅಂಕಣ ಬರೆಯುವ ಅಂದಾಜು ಹಾಕಿದ್ದೆ. ಮುಂದಿನ ಭಾನುವಾರ ದೀಪಾಳನ್ನು ಕರೆದುಕೊಂಡು ಹೊಳನಗದ್ದೆಗೆ ಹೋಗದಿದ್ದರೆ ನೀವು ಈಗ ಅದನ್ನೇ ಓದುತ್ತಿದ್ದಿರಿ.

ಈರುಳ್ಳಿ ಕಿತ್ತು ಮುಗಿದಿತ್ತು. ಕುಮಟಾ ದಾಟಿ ಹೋದವರು ರಸ್ತೆ ಬದಿಯಲ್ಲಿ ಸಾಲಾಗಿ ತೂಗುಬಿಟ್ಟ ಈರುಳ್ಳಿ ಗೊಂಚಲುಗಳನ್ನು ನೋಡಿಯೇ ಇರುತ್ತೀರಿ. ಅವನ್ನು ಗಿಡದ ಎಲೆಯ ಸಮೇತ ಜಡೆ ಹಾಕಿದ ಹಾಗೆ ಹೆಣೆಯಬೇಕು. ಹೆಣೆಯಲು ಕೂತರೆ ಮನೆಮಂದಿಯೆಲ್ಲ ಕೂರಬೇಕು. ಮಧ್ಯಾಹ್ನ ಊಟವಾದ ಮೇಲೆ ಅಂಗಳದ ಚಪ್ಪರದ ಕೆಳಗೆ ನಾವು ನಾಲ್ವರು ಕೂತೆವು: ಅಣ್ಣ, ಅತ್ತಿಗೆ, ದೀಪಾ, ನಾನು. ಕೈಗೆ ಕೆಲಸ ಕೊಟ್ಟರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಎಲ್ಲರೂ ನಗಲಿ ಎಂದು ಎಲ್ವಾರ್ ಪುರಾಣವನ್ನು ಬಿಚ್ಚಿದೆ. ಗ್ರೌಮ್‌ನ ದನಿಯನ್ನೂ ಮಾಡಿ ತೋರಿಸಿದೆ. ಸಫಾ ಏನೆಂದಳು, ದೀಪಾ ಹೇಗೆ ಕೂಗಿದಳು, ಎಲ್ಲ.

ಯಾರೂ ನಗಲಿಲ್ಲ.

ಅತ್ತಿಗೆ ನನ್ನನ್ನು ನೋಡಿದ ನೋಟದಿಂದ ನಾನು ಮಾಡಿದ ಎಡವಟ್ಟು ಏನೆಂದು ಗೊತ್ತಾಯಿತು. ಇಲ್ಲಿ ನಿಮಗೊಂದು ವಿಷಯ ಹೇಳಬೇಕು.

ನನ್ನ ಅಣ್ಣ ಹನ್ನೊಂದು ವರ್ಷ ಕುಡಿದ. ಸುಮ್ಮನೆ ಅಲ್ಲ, ವಿಪರೀತ. ಹಗಲಿಡೀ ಗದ್ದೆಯಲ್ಲಿ ದುಡಿಯುವ, ಮಗಳಿಗೆ ಎರಡು ಜಡೆ ಹಾಕಿ ಶಾಲೆಗೆ ಕಳಿಸುವ ಮನುಷ್ಯ. ಸಂಜೆಯಾದರೆ ಪಾತ್ರೆ ಎಸೆಯುವ, ಬಾಯಿಗೆ ಬಂದದ್ದು ಬೈಯುವ ಮನುಷ್ಯ. ದೀಪಾ ಸಣ್ಣವಳಿದ್ದಾಗ ಒಂದು ದಿನ "ಅಪ್ಪ ಎಂತಕ್ಕೆ ಹಿಂಗೆ ಮಾಡ್ತಾನೆ?" ಎಂದು ಕೇಳಿದಳಂತೆ. ಅತ್ತಿಗೆ ಏನು ಹೇಳಿಯಾಳು? "ಅದು ಅಪ್ಪ ಅಲ್ಲ ಮಗಾ, ಅದು ಸಂಜಿಯವ" ಎಂದಳು. ಅವತ್ತಿನಿಂದ ಆ ಮನೆಯಲ್ಲಿ ಇಬ್ಬರು ಗಂಡಸರು. ಅಪ್ಪ ಚಪ್ಪಲಿ ತಂದ. ಸಂಜಿಯವ ಕನ್ನಡಿ ಒಡೆದ. ಬೆಳಿಗ್ಗೆ ಕನ್ನಡಿಯ ಚೂರು ಗುಡಿಸುವುದು ಅಪ್ಪ. ಯಾರೂ ಅವನಿಗೆ ಏನೂ ಅನ್ನುತ್ತಿರಲಿಲ್ಲ. ಅವನಲ್ಲವಲ್ಲ ಒಡೆದದ್ದು!

ನಮಗೆಲ್ಲ ಅದು ರೂಢಿಯಾಗಿ ಹೋಗಿತ್ತು. ನಾನೂ ಫೋನಿನಲ್ಲಿ "ಸಂಜಿಯವ ಬಂದ್ನಾ?" ಎಂದೇ ಕೇಳುತ್ತಿದ್ದೆ. ಅಣ್ಣ ಕುಡಿತ ಬಿಟ್ಟು ಈಗ ಹದಿನಾಲ್ಕು ತಿಂಗಳು. ಒಂದು ಶಿಬಿರಕ್ಕೆ ಹೋಗಿ ಬಂದವನು ಮತ್ತೆ ಮುಟ್ಟಿಲ್ಲ. ಸಂಜಿಯವ ಹೋದ, ಪೀಡೆ ತೊಲಗಿತು ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟಿದ್ದೆವು.

ದೀಪಾ ಗ್ರೌಮ್‌ನ ಪುಟವನ್ನು ಎರಡು ವರ್ಷ ಕೂತು ಯಾಕೆ ಬರೆದಳು ಎಂದು ನನಗೆ ಹೊಳೆದದ್ದು ಚಪ್ಪರದ ಕೆಳಗೆ ಕೂತಾಗ. ಜಗತ್ತಿಗೆಲ್ಲ ಬುದ್ಧಿ ಹೇಳುವ ಅಂಕಣಗಾರ್ತಿಗೆ ಇಷ್ಟು ತಡವಾಗಿ! ನಾಚಿಕೆಯಾಯಿತು.

ಅಣ್ಣ ಕೈಯಲ್ಲಿದ್ದ ಈರುಳ್ಳಿಯ ಎಲೆ ಹೆಣೆಯುತ್ತಲೇ ಕೇಳಿದ. "ಕಡೆಗೆ ಯಾರು ಗೆದ್ರು?"

"ಯಾರೂ ಇಲ್ಲ, ಬಿಡು ಅಣ್ಣ," ಎಂದೆ.

"ಆ ಭಟ್ಕಳದ ಹುಡ್ಗಿ ಹೇಳುದೇ ಸರಿ," ಎಂದ.

"ನೀವು ಸುಮ್ನಿರಿ," ಎಂದಳು ಅತ್ತಿಗೆ. "ಹಳೇದೆಲ್ಲ ಎಂತಕ್ಕೆ ಈಗ?"

"ಎಷ್ಟು ದಿನ ಸುಮ್ನಿರುದು? ವರ್ಷ ಆತು. ತಪ್ಪಾತು ಅಂತ ಹೇಳ್ಲಿಕ್ಕೆ ಬಾಯಿ ತೆಗೆದ್ರೆ ಸಾಕು, ಅದು ನೀವಲ್ಲ, ಅದು ನೀನಲ್ಲ ಅಂತೀರಿ ಎಲ್ರೂ. ಹಂಗಾದ್ರೆ ನಾ ಯಾರ ಹತ್ರ ಹೋಗಿ ತಪ್ಪಾತು ಅಂತ ಹೇಳ್ಲಿ?" ಅಣ್ಣನ ಕೈ ಈಗ ನಿಂತಿತ್ತು. "ಕುಡಿದಿದ್ದು ಅವ ಅಂತಾದ್ರೆ ಬಿಟ್ಟಿದ್ದೂ ಅವನೇ ಆತು. ಆ ಶಿಬಿರದಲ್ಲಿ ನಾ ಗೋಡೆಗೆ ತಲೆ ಜಪ್ಪಿಕೊಂಡೆ ತಂಗಿ. ಅದೂ ನಾ ಅಲ್ವಾ? ನಂದು ಅಂತ ಎಂತ ಉಳೀತು?"

ಹದಿನಾಲ್ಕು ತಿಂಗಳಲ್ಲಿ ಅವನನ್ನು ಹೊಗಳಿದವರೂ "ನಿನ್ನನ್ನು ಹಿಡಿದದ್ದು ಬಿಟ್ಟಿತು" ಎಂದಿದ್ದರೇ ಹೊರತು "ನೀನು ಬಿಟ್ಟೆ" ಎಂದಿರಲಿಲ್ಲ. ಹಾಗೆ ಹೇಳಿದವರಲ್ಲಿ ನಾನೂ ಒಬ್ಬಳು.

ದೀಪಾ ತಲೆ ಎತ್ತದೆ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. "ಅಪ್ಪ, ಬಿಡು. ಅದು ನೀನಲ್ಲ. ನಿಂಗೆ ನೆನಪೂ ಇಲ್ಲ."

"ನೆನಪಿದೆ."

ಎಲ್ಲರ ಕೈಯೂ ನಿಂತಿತು.

"ನೆನಪಿಲ್ಲ ಅಂತ ಹೇಳ್ತಿದ್ದದ್ದು ಸುಳ್ಳು. ಕೆಲವು ಹೋಗಿದೆ, ಕೆಲವು ಇದೆ. ನಿನ್ನ ಗ್ಯಾದರಿಂಗ್ ದಿನದ್ದು ಪೂರ್ತಿ ಇದೆ."

ದೀಪಾ ಎಂಟನೆಯ ಕ್ಲಾಸಿನಲ್ಲಿದ್ದಾಗಿನ ಮಾತು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಅವಳು ಹಾಡಲು ನಿಂತಿದ್ದಳು. ನಮ್ಮ ಆಯಿ, ಅಂದರೆ ನಮ್ಮ ಅಮ್ಮ, ಗದ್ದೆಯಲ್ಲಿ ನೆಟ್ಟಿ ಮಾಡುವಾಗ ಹೇಳುತ್ತಿದ್ದ ಹಾಡು. ಆಯಿ ತೀರಿಹೋಗುವ ಮುಂಚೆ ಮೊಮ್ಮಗಳಿಗೆ ಕಲಿಸಿ ಹೋದದ್ದು ಅದೊಂದೇ. ಅರ್ಧ ಹಾಡಿದ್ದಳೋ ಇಲ್ಲವೋ, ಅಣ್ಣ ತೂರಾಡುತ್ತ ಸ್ಟೇಜ್ ಹತ್ತಿದ. ಮೈಕು ಕಿತ್ತ. ಅದರ ಸಮೇತ ಬಿದ್ದ. ಊರಿಗೆ ಊರೇ ನಕ್ಕಿತು. ದೀಪಾ ಅವತ್ತಿನ ನಂತರ ಹಾಡಿಲ್ಲ. ಬಾಯೊಳಗೆ ಗುನುಗಿದ್ದನ್ನೂ ನಾನು ಕೇಳಿಲ್ಲ.

"ನೀ ಹಸಿರು ಲಂಗ ಹಾಕಿದ್ದೆ," ಎಂದ ಅಣ್ಣ. "ಮೂರನೇ ಸೊಲ್ಲಿಗೆ ಬಂದಿದ್ದೆ. ನಿಂಗೆ ಮುಂದಿನ ಸೊಲ್ಲು ಮರ್ತು ಹೋತು. ಬಾಯಿ ತೆರೆದು ನಿಂತೆ. ನಂಗೆ ಬರ್ತಿತ್ತು ಅದು. ಹೇಳಿಕೊಡುವ ಅಂತ ಹತ್ತಿದೆ. ನೀನೇ ಅಂತ ಗೊತ್ತಿತ್ತು ನಂಗೆ. ಅಲ್ಲಿ ನಿಂತಿದ್ದು ನನ್ನ ಮಗಳು, ನನ್ನ ಆಯಿ ಹಾಡು ಅಂತ ಚೆಂದ ಮಾಡಿ ಗೊತ್ತಿತ್ತು."

ಅವನು ಅಳಲಿಲ್ಲ. ಅಳುತ್ತಿದ್ದವಳು ನಾನು.

ದೀಪಾ ಎದ್ದು ನಿಂತಳು. ಅಪ್ಪನ ಕಾಲಿಗೆ ಬೀಳುತ್ತಾಳೆ, ಅಥವಾ ತಬ್ಬಿಕೊಳ್ಳುತ್ತಾಳೆ ಎಂದು ನಾನು ಕಾದೆ. (ಬರೆಯುವವರಿಗೆ ಇದೊಂದು ರೋಗ.) ಅವಳು ಕೈಯಲ್ಲಿದ್ದ ಗೊಂಚಲನ್ನು ರಪ್ಪನೆ ನೆಲಕ್ಕೆ ಎಸೆದಳು. ಅರ್ಧ ದಿನದ ಹೆಣಿಗೆ ಬಿಚ್ಚಿಹೋಗಿ ಈರುಳ್ಳಿ ಅಂಗಳವಿಡೀ ಉರುಳಿದವು.

"ಗೊತ್ತಿತ್ತಾ? ನಿಂಗೆ ಗೊತ್ತಿತ್ತಾ? ಗೊತ್ತಿದ್ದೂ ಬಂದ್ಯಾ? ನಾ ಮರ್ತಿದ್ದಲ್ಲ! ನೀ ಹಿಂದಿನ ಸಾಲಲ್ಲಿ ತೂರಾಡುದು ಕಂಡು ಹೆದ್ರಿ ನಿಂತಿದ್ದು! ಎಂತಕ್ಕೆ ಬಂದೆ ಅಪ್ಪ ನೀನು? ಎಂತಕ್ಕೆ ಬಂದೆ?"

ಆಮೇಲೆ ಒಂದೊಂದಾಗಿ ಹೊರಬಂದವು. ಕನ್ನಡಿ. ಕಂಪಾಸ್ ಬಾಕ್ಸ್. ಅತ್ತಿಗೆಯ ಕೈ ಮುರಿದ ದಿನ. ಸ್ಕೂಲ್ ಬಸ್ಸಿನಲ್ಲಿ ಎರಡು ವರ್ಷ ಹುಡುಗರು ಅವಳನ್ನು "ಮೈಕು" ಎಂದು ಕರೆದದ್ದು. ಪ್ರತಿಯೊಂದಕ್ಕೂ "ನೀನು", "ನೀನು", "ನೀನು". ಅಷ್ಟು ವರ್ಷ ಅಪ್ಪನ ಎದುರು ದನಿ ಎತ್ತದ ಹುಡುಗಿ.

ಅತ್ತಿಗೆಗೆ ತಡೆಯಲಾಗಲಿಲ್ಲ. "ದೀಪಾ, ಸಾಕು ಮಗಾ, ಅದು ಸಂಜಿಯ..." ಎಂದು ನಡುವೆ ಬಂದಳು.

"ನೀ ಅಡ್ಡ ಬರ್ಬೇಡ," ಎಂದ ಅಣ್ಣ. "ನಂಗೆ ಬೈತಾ ಇದ್ದಾಳೆ ಅವಳು. ಬೈಲಿ."

ಅತ್ತಿಗೆಯ ಮುಖ ಸಣ್ಣದಾಯಿತು. "ಮಗಳ ಪಾಲಿಗೆ ಅಪ್ಪ ಅಂತ ಒಬ್ಬ ಉಳೀಲಿ ಅಂತ ಮಾಡಿದೆ ನಾನು," ಎಂದಳು.

"ಗೊತ್ತು ಮಾರಾಯ್ತಿ. ನೀ ಹಂಗೆ ಮಾಡಿದ್ದಕ್ಕೇ ನಾ ಉಳಿದೆ," ಎಂದು ಅಣ್ಣ ಅವಳ ಕೈ ಹಿಡಿದುಕೊಂಡ. ನಮ್ಮೆದುರು ಅವನು ಹೆಂಡತಿಯ ಕೈ ಹಿಡಿದದ್ದು ನಾನು ನೋಡಿದ್ದು ಅದೇ ಮೊದಲು.

ದೀಪಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಮೂವರು ಅಂಗಳದಲ್ಲಿ ಚೆಲ್ಲಿದ ಈರುಳ್ಳಿ ಆರಿಸಿದೆವು.

ನಾಲ್ಕೂವರೆಯ ಬಸ್ಸಿಗೆ ನಾನೂ ದೀಪಾಳೂ ಹೊರಟೆವು. ಅಣ್ಣ ರಸ್ತೆಯವರೆಗೆ ಬಂದ. ಮಗಳು ಹೋಗಿ ಬರ್ತೇನೆ ಎಂದು ಹೇಳಲಿಲ್ಲ, ಕಿಟಕಿಯಿಂದ ತಿರುಗಿಯೂ ನೋಡಲಿಲ್ಲ. ಹೊನ್ನಾವರ ಹತ್ತಿರವಾದಾಗ ಒಂದೇ ಮಾತು ಕೇಳಿದಳು. "ಅತ್ತೆ, ಅವತ್ತು ಅಪ್ಪಂಗೆ ನಿಜವಾಗಿಯೂ ಹಾಡು ಬರ್ತಿತ್ತಾ?" ಬರುತ್ತಿತ್ತು ಎಂದೆ. ನಾನೂ ಅಣ್ಣನೂ ಆಯಿಯ ಬೆನ್ನಿಗೆ ಗದ್ದೆಯಲ್ಲಿ ನಿಂತು ಕಲಿತದ್ದು, ನನಗೆ ಮರೆತಿದೆ, ಅವನಿಗೆ ಮರೆತಿಲ್ಲ.

ಈಗ ನನ್ನ ಕುತೂಹಲಕ್ಕೆ ಬರುತ್ತೇನೆ. ಎಲ್ವಾರ್ ಮತ್ತು ಗ್ರೌಮ್ ಒಬ್ಬನೋ ಇಬ್ಬರೋ? ನನಗೆ ಇನ್ನೂ ಗೊತ್ತಿಲ್ಲ. ಅತ್ತಿಗೆ ಆ ಮನೆಯಲ್ಲಿ ಇಬ್ಬರನ್ನು ಮಾಡದೆ ಹೋಗಿದ್ದರೆ ದೀಪಾಳಿಗೆ ಬಾಲ್ಯವೇ ಇರುತ್ತಿರಲಿಲ್ಲ. ಎಂಟು ವರ್ಷದ ಮಗುವಿಗೆ "ನಿನ್ನ ಅಪ್ಪನೇ ಇವನು" ಎಂದು ಸತ್ಯ ಹೇಳಿ ಯಾವ ಪುಣ್ಯ ಕಟ್ಟಿಕೊಳ್ಳುವುದು? ಆದರೆ ಹತ್ತೊಂಬತ್ತರಲ್ಲೂ ಅದನ್ನೇ ಹೇಳುತ್ತಿದ್ದರೆ? ಕವಚ ಕಳಚಿ ಹೊರಬಂದವನು "ತಪ್ಪು ಮಾಡಿದ್ದು ನಾನು" ಎಂದು ಊರೆದುರು ನಿಂತಾಗ, "ಇಲ್ಲ ಇಲ್ಲ, ಅದು ಬೇರೆ ಪುಟ" ಎಂದು ಅವನನ್ನು ವಾಪಸು ಕಳಿಸುವುದು ದಯೆಯೋ, ಶಿಕ್ಷೆಯೋ? ನೆನಪಿಲ್ಲ ಎನ್ನುವವನನ್ನು ನಂಬಬೇಕೇ ಎಂದು ಸಫಾ ಕೇಳಿದ್ದಳು. ನೆನಪಿದೆ ಎನ್ನುವವನನ್ನು ನಂಬುವುದು ಅದಕ್ಕಿಂತ ಕಷ್ಟ ಎಂದು ಅವಳಿಗೆ ಹೇಳಬೇಕೆಂದಿದ್ದೇನೆ.

ಗೆಳತಿಯರು ಬುಧವಾರಕ್ಕೆ ರಾಜಿಯಾದರು. ಎರಡು ಪುಟ ಇನ್ನೂ ಎರಡಾಗಿಯೇ ಇವೆ. ಗ್ರೌಮ್‌ನ ಪುಟದಲ್ಲಿ "ಹೊಳೆ ಪಕ್ಕದ ಮನೆ" ಎಂಬ ಹೊಸ ಭಾಗವೊಂದು ಸೇರಿದೆ, ಬರೆದವಳು ದೀಪಾ. ಸಫಾ ನನ್ನ ಹತ್ತಿರ ಗುಟ್ಟಾಗಿ ಹೇಳಿದಳು: "ಆಂಟಿ, ಈಗ ನಂಗೇ ಡೌಟು. ಅಷ್ಟೆಲ್ಲ ಗೊತ್ತಿದ್ದೂ ಸುಟ್ಟ ಅಂದ್ರೆ, ಅದು ಇನ್ನೂ ಹೆದ್ರಿಕೆ ಅಲ್ವಾ?" ಹೌದು ಮಗಳೇ, ಅದಕ್ಕೇ ದೊಡ್ಡವರು ಬೇರೆ ಹೆಸರು ಇಡುವುದು.

ಗುರುವಾರ ಅಣ್ಣನ ಫೋನ್ ಬಂತು. "ದೀಪಾ ನಾಲ್ಕು ದಿನದಿಂದ ಫೋನ್ ಮಾಡ್ಲಿಲ್ಲ. ಮುಂಚೆ ದಿನಾ ಮಾಡ್ತಿದ್ಲು, ಊಟ ಆತಾ, ಮಾತ್ರೆ ತಗೊಂಡ್ಯಾ ಅಂತ. ಈಗ ನಾ ಮಾಡಿದ್ರೂ ಎತ್ತುದಿಲ್ಲ. ಭಾರೀ ಸಿಟ್ಟು ಬಂದಿದೆ ಅವಳಿಗೆ, ನನ್ನ ಮೇಲೆ," ಎಂದ. ಮಗಳಿಗೆ ಫಸ್ಟ್ ಕ್ಲಾಸ್ ಬಂದ ಸುದ್ದಿ ಹೇಳುವಾಗಲೂ ಅವನ ದನಿ ಇಷ್ಟು ಹಗುರವಾಗಿರಲಿಲ್ಲ.

ಸಿಟ್ಟು ಇಳಿಯುತ್ತದೋ ಇಲ್ಲವೋ, ನನಗೆ ತಿಳಿಯದು. ಅವನಿಗೂ ತಿಳಿಯದು. ಇಳಿಯದಿದ್ದರೂ ಸರಿ, ಆ ಸಿಟ್ಟು ನನ್ನ ಪಾಲಿನದೇ ಎಂದ.

ಇದನ್ನೆಲ್ಲ ಬರೆಯಬಹುದೇ ಎಂದು ಅಂಜುತ್ತಲೇ ಕೇಳಿದೆ. ಅವನು ಹೇಳಿದ: "ಬರಿ. ನನ್ನ ಹೆಸ್ರೂ ಹಾಕು. ಆದ್ರೆ ಒಂದೇ ಹೆಸ್ರು ಹಾಕು."

ನನ್ನ ಅಣ್ಣನ ಹೆಸರು ಗಣಪತಿ.